ಬೀರಪ್ಪನ ಗುಂಡು ನನ್ನ ಸೊಸೆಯ ಹೆಸರು ಉಳಿಸಿದ ಬಗೆ

ಬೀರಪ್ಪನ ಒಕ್ಕಲಿನ ಅಣ್ಣತಮ್ಮಂದಿರಿಗೆ, ತಾಯಂದಿರಿಗೆ ಶರಣು.

ನನ್ನ ಸೊಸೆ ನನ್ನನ್ನು ಹೊಡೆಯುತ್ತಾಳೆ ಎಂದು ಬೀಳಗಿ, ಮುಧೋಳ ಎರಡೂ ತಾಲ್ಲೂಕಿನ ಜನ ಒಂದು ಚಳಿಗಾಲವಿಡೀ ಮಾತಾಡಿದರು. ಆಕೆ ನನ್ನನ್ನು ಹೊಡೆದಿಲ್ಲ. ನನ್ನ ಮೇಲೆ ಕೈ ಎತ್ತಿದವಳಲ್ಲ. ದನಿ ಎತ್ತಿದ್ದುಂಟು, ಅದೂ ನನ್ನ ಬನಿಯನ್ ಒಗೆಯುವಾಗ ಮಾತ್ರ. ಇದನ್ನು ಮೊದಲು ಬರೆದು ಮುಂದೆ ಹೋಗುತ್ತೇನೆ. ಅರ್ಧ ಓದಿ ಎದ್ದು ಹೋಗುವವರಿಗೂ ಇಷ್ಟಾದರೂ ಗೊತ್ತಾಗಲಿ.

ಅನುಭವ ಬರೆದುಕೊಡಿ ಎಂದು ಗುಡಿಯ ಹುಡುಗರು ಕೇಳಿದಾಗ, ಸ್ವಲ್ಪ ಸಿಟ್ಟು ಬಿಟ್ಟು ಬರೆಯಿರಿ ಕಾಕಾ ಎಂದೂ ಹೇಳಿದರು. ಅದು ನನ್ನಿಂದ ಆಗಲಿಲ್ಲ. ಸಿಟ್ಟು ಬಿಟ್ಟರೆ ಈ ಅನುಭವದಲ್ಲಿ ಏನೂ ಉಳಿಯುವುದಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಿದೆ, ಉಳಿದವರಿಗೆ ಬೇಕಾಗಿಲ್ಲ.

ನಾನು ಮುಧೋಳ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು. ನಾನು ಹೊರಡು ಎಂದರೆ ಜಮಖಂಡಿ ಬಸ್ ಹೊರಡಬೇಕು, ನಿಲ್ಲು ಎಂದರೆ ನಿಲ್ಲಬೇಕು. ನನ್ನ ಮಾತನ್ನು ಎರಡನೆಯ ಸಲ ಕೇಳಿಸಿಕೊಳ್ಳುವ ರೂಢಿ ಡ್ರೈವರ್‌ಗಳಿಗೆ ಇರಲಿಲ್ಲ. ನಿವೃತ್ತಿಯ ಮೇಲೂ ಹಾಗೆಯೇ ಇದ್ದೇನೆ. ನಸುಕಿಗೆ ಏಳುವುದು, ತಣ್ಣೀರು ಸ್ನಾನ, ಎದುರಿಗಿರುವ ಬೀರಪ್ಪನ ಗುಡಿಗೆ ಹೋಗಿ ಗುಂಡು ಎತ್ತುವುದು, ಮನೆಗೆ ಬಂದು ಚಹಾ. ಹೆಂಡತಿ ತೀರಿಕೊಂಡ ಮರುದಿನವೊಂದನ್ನು ಬಿಟ್ಟು ಈ ಕ್ರಮ ತಪ್ಪಿದ್ದು ನನಗೆ ನೆನಪಿಲ್ಲ.

ಗುಂಡಿನ ವಿಷಯ ಹೊಸಬರಿಗಾಗಿ ಹೇಳಬೇಕು. ನಮ್ಮ ಹಳೆಯ ಊರು ಅನಗವಾಡಿಯ ಆಚೆ ನದಿ ದಂಡೆಯಲ್ಲಿತ್ತು. ಆಣೆಕಟ್ಟಿನ ನೀರು ಬಂದಾಗ ಮನೆಯ ತೊಲೆ, ಬಾಗಿಲು ಬಿಚ್ಚಿಕೊಂಡು ಪುನರ್ವಸತಿ ಕೇಂದ್ರದ ಪ್ಲಾಟುಗಳಿಗೆ ಬಂದೆವು. ಎಷ್ಟೋ ಬಿಟ್ಟು ಬಂದೆವು. ಬೀರಪ್ಪನನ್ನೂ ಅವನ ಮುಂದಿದ್ದ ಗುಂಡನ್ನೂ ಬಿಡಲಿಲ್ಲ. ಕರೀ ಕಲ್ಲು, ಒಂದು ಗೊಬ್ಬರದ ಚೀಲದಷ್ಟು ತೂಕ, ನಮ್ಮ ಮುತ್ತಜ್ಜಂದಿರ ಕೈ ತಾಗಿ ತಾಗಿ ಬದನೆಕಾಯಿಯಂತೆ ನುಣುಪಾಗಿದೆ. ನಮ್ಮ ಮನೆತನದ ಒಬ್ಬರು ದಿನಾ ನಸುಕಿಗೆ ಅದಕ್ಕೆ ಭಂಡಾರ, ಅಂದರೆ ದೇವರ ಅರಿಷಿಣ ಪುಡಿ ಹಚ್ಚಿ, ಮೊಣಕಾಲಿಗೆ, ಎದೆಗೆ, ಹೆಗಲಿಗೆ ಏರಿಸಿ, ಹೆಗಲ ಮೇಲಿಂದ ಹಿಂದಕ್ಕೆ ಒಗೆಯಬೇಕು. ಮುಂದೆ ಇಳಿಸಿದರೆ ಅದು ಸೇವೆ ಅಲ್ಲ. ಭಾರ ಹಿಂದೆ ಬೀಳಬೇಕು, ತಿರುಗಿ ನೋಡಬಾರದು. ಇಷ್ಟೇ ನಿಯಮ.

ಗುಂಡು ಮಣ್ಣಿಗೆ ಬಿದ್ದ ಸದ್ದು ನಮ್ಮ ಮನೆಯ ಅಡುಗೆಮನೆಗೆ ಕೇಳುತ್ತಿತ್ತು. ಆ ಸದ್ದಿಗೆ ನನ್ನ ಹೆಂಡತಿ ಒಲೆಯ ಮೇಲೆ ಚಹಾ ಇಡುತ್ತಿದ್ದಳು. ಆಕೆಯ ನಂತರ ಸೊಸೆ ಮಾಯವ್ವ ಇಡುತ್ತಿದ್ದಳು. ಅದಕ್ಕಾಗಿ ಯಾರೂ ಯಾರನ್ನೂ ಕರೆಯಬೇಕಾಗಿರಲಿಲ್ಲ.

ಎರಡು ಸಾವಿರದ ಹತ್ತರ ಉಗಾದಿಗೆ ಗುಡಿಯ ಮುಂದಿನ ಅಂಗಳಕ್ಕೆ ಟೈಲ್ಸ್ ಕೂರಿಸಿದರು. ದಾನಿಗಳು ಕೊಟ್ಟದ್ದು. ಬಿಳಿ, ಮಿರಿಮಿರಿ, ಲಾಡ್ಜಿನ ಬಚ್ಚಲಿನಂತೆ. ಗುಡಿ ಕಮಿಟಿಯ ಚೇರಮನ್ ಪರಸಪ್ಪ, ನನ್ನ ಕಾಕಾನ ಮೊಮ್ಮಗ, ಆ ದಿನ ಸಂಜೆಯೇ ಮನೆಗೆ ಬಂದು, ಇನ್ನು ಮುಂದೆ ಗುಂಡು ಒಗೆಯಬೇಡಿ, ಮೆಲ್ಲಗೆ ಇಳಿಸಿರಿ, ಟೈಲ್ಸ್ ಒಡೆಯುತ್ತವೆ ಎಂದು ಕೈ ಮುಗಿದು ಹೇಳಿದ. ಕಮಿಟಿ ಮಾಡಿದ ನಿಯಮ. ನಿಯಮವನ್ನು ಮೀರುವುದು ನನ್ನ ಜಾಯಮಾನವಲ್ಲ. ಮಡಿಸಿದ ಹಳೇ ಕೌದಿಯೊಂದನ್ನು ಹಿಂದೆ ಹಾಸಿ, ಕುಕ್ಕರಗಾಲಿನಲ್ಲಿ ಕುಳಿತು, ಹೆಗಲಿನಿಂದ ಗುಂಡನ್ನು ಅದರ ಮೇಲೆ ಸದ್ದಿಲ್ಲದೆ ಇಳಿಸತೊಡಗಿದೆ. ಮಾಯವ್ವ ಬಾಗಿಲಲ್ಲಿ ನಿಂತು "ಮಾಂವಾರ, ಆತೇನ್ರಿ?" ಎಂದು ಕೂಗಿ ಕೇಳತೊಡಗಿದಳು. ಸದ್ದಿಲ್ಲದ ಮೇಲೆ ಆಕೆಗಾದರೂ ಹೇಗೆ ಗೊತ್ತಾಗಬೇಕು?

ಅದೇ ಬೇಸಿಗೆಯಲ್ಲಿ ನನಗೆ ಒಮ್ಮೆ ಎದೆ ನೋವು ಬಂತು. ಮುಧೋಳದ ಡಾಕ್ಟರು ನೋಡಿ, ದೊಡ್ಡದೇನಿಲ್ಲ ಎಂದು ಹೇಳಿ, ರಕ್ತ ತೆಳುವಾಗುವ ಗುಳಿಗೆ ಬರೆದುಕೊಟ್ಟರು. ಊಟವಾದ ಮೇಲೆ ದಿನಾ ಒಂದು. ತಪ್ಪಿಸಲಿಲ್ಲ.

ದೀಪಾವಳಿಗೆ ಮಗಳು ಸುವರ್ಣಾ ಮಹಾಲಿಂಗಪುರದಿಂದ ಬಂದಳು. ಅಳಿಯ ಅಲ್ಲಿ ಬೆಲ್ಲದ ಅಡತಿ ಅಂಗಡಿಯಲ್ಲಿದ್ದಾನೆ. ಹಬ್ಬದ ಎಣ್ಣೆಸ್ನಾನ. ಚಿಕ್ಕವಳಿದ್ದಾಗಿನ ರೂಢಿಯಂತೆ ಬೆನ್ನಿಗೆ ನೀರು ಹಾಕುತ್ತೇನೆ ಎಂದು ಬಚ್ಚಲಿಗೆ ಬಂದಳು. ಎರಡು ಚೊಂಬು ಹಾಕಿದವಳು ನಿಂತುಬಿಟ್ಟಳು.

"ಎಪ್ಪಾ, ಬೆನ್ನ ತುಂಬ ಬಾಸುಂಡಿ ಎದ್ದಾವಲ್ಲ. ಯಾರ ಹೊಡದಾರ?"

ಯಾರೂ ಹೊಡೆದಿಲ್ಲ, ನೀರು ಹಾಕು ಎಂದೆ. ಆಕೆ ಬೆರಳಿಟ್ಟು ನೋಡಿದಳು. ಕೆಲವು ನೀಲಿ, ಕೆಲವು ಹಳದಿಗೆ ತಿರುಗಿದವು, ಬೆನ್ನೆಲುಬಿನ ಎರಡೂ ಮಗ್ಗುಲಿಗೆ ಉದ್ದುದ್ದ, ಕೋಲಿನಿಂದ ಹೊಡೆದಂತೆ ಇವೆ ಎಂದಳು. ನನಗೆ ಕಾಣಿಸುವುದಿಲ್ಲವಲ್ಲ. ಮಲಗುವಾಗ ಒಂದಿಷ್ಟು ಬೇನೆ ಇತ್ತು. ವಯಸ್ಸಿನದು ಎಂದುಕೊಂಡಿದ್ದೆ.

ಚೊಂಬು ಅಲ್ಲೇ ಬಿಟ್ಟು ಸುವರ್ಣಾ ನೇರ ಅಡುಗೆಮನೆಗೆ ಹೋದಳು. ನಾನು ಮೈಗೆ ಟವೆಲ್ ಸುತ್ತಿಕೊಳ್ಳುವುದರೊಳಗೆ ಮಾತು ಆಡಿಯಾಗಿತ್ತು.

"ವೈನೀ, ನಮ್ಮಪ್ಪ ನಿಮಗ ಅಷ್ಟ ಭಾರ ಆಗ್ಯಾನಂದ್ರ ನನಗ ಒಂದ ಮಾತ ಹೇಳಬೇಕಾಗಿತ್ತ. ಕರಕೊಂಡ ಹೋಗತಿದ್ದೆ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಮಾಯವ್ವ ಹಂಚಿನ ಮೇಲಿದ್ದ ರೊಟ್ಟಿ ಕರಕಲಾಗುವವರೆಗೆ ಹಾಗೆಯೇ ನಾದಿನಿಯ ಮುಖ ನೋಡುತ್ತ ಕುಳಿತಳು. ನನಗೆ ಮಗಳ ಮೇಲೆ ಆ ಹೊತ್ತು ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಆಕೆ ಇದನ್ನು ಓದುತ್ತಾಳೆ, ಓದಲಿ.

ಹಬ್ಬ ಮುಗಿದ ಮರುದಿನ ಮೊದಲ ಬಸ್ಸಿಗೆ ಮುಧೋಳಕ್ಕೆ ಹೋದೆವು. ಡಾಕ್ಟರು ಬೆನ್ನು ನೋಡಿ, ಸುವರ್ಣಾಳನ್ನು ಹೊರಗೆ ಕಳಿಸಿ, ಬಾಗಿಲು ಮುಚ್ಚಿದರು. ಕುರ್ಚಿ ಹತ್ತಿರ ಎಳೆದುಕೊಂಡು, ಸಣ್ಣ ಮಕ್ಕಳನ್ನು ಕೇಳುವ ದನಿಯಲ್ಲಿ ಕೇಳಿದರು.

"ಅಜ್ಜಾರ, ಮನ್ಯಾಗ ಯಾರರ ಕೈ ಮಾಡತಾರೇನ್ರಿ? ನನ್ನ ಮುಂದ ಹೇಳ್ರಿ, ಹೊರಗ ಹೋಗೂದಿಲ್ಲ."

"ನನ್ನ ಮ್ಯಾಲ ಕೈ ಮಾಡೂ ಮಗಾ ಇನ್ನೂ ಹುಟ್ಟಿಲ್ರಿ" ಎಂದೆ.

ಡಾಕ್ಟರು ನಗಲಿಲ್ಲ. ಮತ್ತೆ ಇದು ಹೇಗೆ ಆಯಿತು ಎಂದರು. ನಾನು ದಿನಾ ಗುಂಡು ಎತ್ತುವುದನ್ನು ಹೇಳಿದೆ. ಹೇಗೆ ಎತ್ತುತ್ತೀರಿ, ತೋರಿಸಿ ಎಂದರು. ಎದ್ದು ನಿಂತು ತೋರಿಸಿದೆ: ಇಲ್ಲಿಂದ ಮೊಣಕಾಲಿಗೆ, ಎದೆಗೆ, ಹೆಗಲಿಗೆ, ಹಿಂದಕ್ಕೆ ಒಗೆಯುವುದು. ಡಾಕ್ಟರು ನನ್ನ ಮುಂಗೈ, ಎದೆ, ಹೆಗಲು ನೋಡಿದರು. ಅಲ್ಲಿ ಹಳೆಯ ಜಡ್ಡು ಬಿಟ್ಟರೆ ಏನೂ ಇಲ್ಲ. ಭಾರ ಎತ್ತಿ ಆದ ಗಾಯವಾದರೆ ಮುಂದೆ ಆಗಬೇಕಲ್ಲ, ಬೆನ್ನಿಗೆ ಹೇಗೆ ಎಂದರು. ನಾನೂ ಅದನ್ನೇ ಹೇಳಿದೆ. ಗುಂಡು ಎತ್ತುವ ಯಾರನ್ನು ಬೇಕಾದರೂ ಕೇಳಿರಿ, ಬೆನ್ನಿಗೆ ಏನೂ ಆಗುವುದಿಲ್ಲ. ಗುಳಿಗೆಯಿಂದ ಆಗಿರಬಹುದೇ ಎಂದು ಕೇಳಿದೆ. ಗುಳಿಗೆ ತಿನ್ನುವವರಿಗೆ ಸಣ್ಣ ಪೆಟ್ಟಿಗೂ ದೊಡ್ಡ ಕಲೆ ಬೀಳುತ್ತದೆ ಎಂದರು.

"ಆದ್ರ ಪೆಟ್ಟ ಬೀಳಬೇಕಲ್ರಿ ಅಜ್ಜಾರ. ಗುಳಿಗಿ ತಾನ ಬಡಿಯೂದಿಲ್ಲ."

ರಕ್ತದ ರೋಗ ಇರಬಹುದು ಎಂಬ ಸಂಶಯಕ್ಕೆ ಬಾಗಲಕೋಟೆಗೆ ರಕ್ತ ಕಳಿಸಿದರು. ರಿಪೋರ್ಟ್ ಬರುವವರೆಗೆ ನಾನು ದೇವರಲ್ಲಿ ಏನು ಬೇಡಿಕೊಂಡೆ ಎಂದು ಹೇಳಿದರೆ ನೀವು ನಗುತ್ತೀರಿ. ರೋಗ ಇರಲಿ ಎಂದು ಬೇಡಿಕೊಂಡೆ. ರೋಗವಿದ್ದರೆ ನನ್ನ ಸೊಸೆ ಪಾರಾಗುತ್ತಾಳೆ. ರಿಪೋರ್ಟ್ ಬಂತು. ಎಲ್ಲಾ ನಾರ್ಮಲ್. ಬೇರೆಯವರ ಮನೆಯಲ್ಲಿ ರಿಪೋರ್ಟ್ ನಾರ್ಮಲ್ ಬಂದರೆ ಪೇಢೆ ಹಂಚುತ್ತಾರೆ. ನಮ್ಮ ಮನೆಯಲ್ಲಿ ಆ ಸಂಜೆ ಯಾರೂ ಉಣ್ಣಲಿಲ್ಲ.

ಆಮೇಲೆ ಹಿರಿಯರು ಬರತೊಡಗಿದರು. ಸುವರ್ಣಾ ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರ ಮುಂದೆಯೋ ಅತ್ತಳಂತೆ. ಅಷ್ಟು ಸಾಕಾಯಿತು. ಇಬ್ಬಿಬ್ಬರು, ಮೂವರು ಮೂವರು ಬಂದು ಕಟ್ಟೆಯ ಮೇಲೆ ಕುಳಿತು, ಮಾಯವ್ವ ಮಾಡಿದ ಚಹಾ ಕುಡಿದು, ಆಕೆ ಒಳಗೆ ಹೋದ ಮೇಲೆ ನನ್ನ ಅಂಗಿ ಎತ್ತಿ ನೋಡುವರು. ಹೊಡೆದಿಲ್ಲ ಎಂದು ನಾನು ಸಮಾಧಾನದಿಂದ ಹೇಳಿದರೆ, ಪಾಪ, ಮನೆಯ ಮರ್ಯಾದೆ ಕಾಯುತ್ತಿದ್ದಾನೆ ಎನ್ನುವರು. ಸಿಟ್ಟಿನಿಂದ ಹೇಳಿದರೆ ಇನ್ನೂ ಕೆಟ್ಟದ್ದು. ನಮ್ಮ ಓಣಿಯ ಒಬ್ಬ ಹಿರಿಯ, ನನಗಿಂತ ನಾಲ್ಕು ವರ್ಷ ದೊಡ್ಡವನು, ನನ್ನ ಮೊಣಕಾಲು ತಟ್ಟಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ಹೆದರಬ್ಯಾಡೋ ಕಂಟ್ರೋಲರ್. ನಾವೆಲ್ಲಾ ಅದೀವಿ."

ಅವನನ್ನು ಕಟ್ಟೆಯಿಂದ ಇಳಿಸಿ ಕಳಿಸಿದೆ. ಹೋಗುತ್ತ ಅವನು ಉಳಿದವರಿಗೆ, ನೋಡಿದಿರಾ, ಎಷ್ಟು ಹೆದರಿಸಿ ಇಟ್ಟಿದ್ದಾಳೆ ಎಂದನಂತೆ. ಇಡೀ ಆಯುಷ್ಯ ಒಂದೇ ಮಾತಿಗೆ ಬಸ್ಸು ನಿಲ್ಲಿಸಿದವನು ನಾನು. ನನ್ನ ಬೆನ್ನಿನ ವಿಷಯದಲ್ಲಿ ನನ್ನ ಮಾತು ನಡೆಯಲಿಲ್ಲ.

ಮಗ ಸಿದ್ದಪ್ಪ ಬಾಡಗಂಡಿಯ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಅಲ್ಲಿಯೂ ಮಾತು ಮುಟ್ಟಿತು. ಗೇಟಿನಲ್ಲಿ ಒಬ್ಬ, ನಿನ್ನ ಹೆಂಡತಿ ನಿನ್ನನ್ನೂ ಬಾರಿಸುತ್ತಾಳೋ, ಬರೀ ಮುದುಕನನ್ನೋ ಎಂದು ಕೇಳಿದನಂತೆ. ಸಿದ್ದಪ್ಪ ಅವನ ಕೊರಳಪಟ್ಟಿ ಹಿಡಿದ. ಮನೆಗೆ ಬಂದು ಆ ಸಿಟ್ಟನ್ನು ಹೆಂಡತಿಯ ಮೇಲೆ ತೆಗೆದ. ಹೊಡೆಯಲಿಲ್ಲ. ಖರೆ ಹೇಳು ಎಂದು ಒಂದೇ ಸಲ ಕೇಳಿದ. ಅಷ್ಟೇ. ಮಾಯವ್ವ ಮರುದಿನ ಮನೆಯ ಬಟ್ಟೆಯನ್ನೆಲ್ಲ ಒಗೆದು ಹರವಿ, ಎರಡೂ ಮಕ್ಕಳನ್ನು ಕರೆದುಕೊಂಡು ಬನಹಟ್ಟಿಗೆ ತವರುಮನೆಗೆ ಹೋದಳು.

ಎರಡು ದಿನ ಬಿಟ್ಟು ನಾನೇ ಕರೆಯಲು ಹೋದೆ. ಆಕೆಯ ಅಣ್ಣಂದಿರದು ನೇಕಾರಿಕೆ, ಮನೆಯಲ್ಲೇ ಪವರ್‌ಲೂಮ್. ಮಗ್ಗ ಓಡುತ್ತಿದ್ದರೆ ಅಲ್ಲಿ ಕಿವಿಯಲ್ಲಿ ಒದರಿದರೂ ಕೇಳುವುದಿಲ್ಲ. ನಾನು, ಮನೆಗೆ ನಡಿಯವ್ವಾ ಎಂದು ಒದರಿದೆ. ಆಕೆ ಏನೋ ಹೇಳಿದಳು, ನನಗೆ ಕೇಳಲಿಲ್ಲ. ಅಣ್ಣ ಸಿಟ್ಟಿನಿಂದ ಸ್ವಿಚ್ ಆರಿಸಿದ. ಮಗ್ಗ ನಿಂತ ಕೂಡಲೇ ಇಡೀ ಓಣಿ ಸುಮ್ಮನಾದಂತಾಯಿತು. ಹೊರಗೆ ನೂಲು ಸುತ್ತುತ್ತಿದ್ದ ಹೆಂಗಸರೆಲ್ಲ ಈ ಕಡೆ ಕಿವಿ ಮಾಡಿದರು. ಮಾಯವ್ವ ದನಿ ತಗ್ಗಿಸಲಿಲ್ಲ.

"ಮಾಂವಾರ, ನೀವು ಕರದ್ರಿ, ನಿಮ್ಮ ಮಾತಿಗಿ ನಾ ಬರಬೇಕು ಖರೆ. ಆದ್ರ ನಾಳೆ ಮುಂಜಾನಿ ನಿಮ್ಮ ಬೆನ್ನಿಗಿ ಇನ್ನೊಂದ ಕಲಿ ಬೀಳತೈತಿ. ಆಗ ಯಾರ ಹೆಸರ ಹೇಳತಾರ್ರಿ? ಅದು ಯಾತರದ್ದ ಅಂತ ತಿಳಕೊಂಡ ಬರ್ರಿ. ಅಲ್ಲೀತನಾ ನಾ ಆ ಮನಿ ಹೊಸ್ತಿಲಾ ತುಳಿಯೂದಿಲ್ಲ."

ಅಣ್ಣ ಮತ್ತೆ ಮಗ್ಗ ಸುರು ಮಾಡಿದ. ಜಮಖಂಡಿಯಲ್ಲಿ ಬಸ್ ಬದಲಿಸುವಾಗ ನನ್ನ ಕೈಕೆಳಗೆ ಕೆಲಸ ಮಾಡಿದ ಕಂಡಕ್ಟರ್ ಒಬ್ಬ ಸಿಕ್ಕು, ಮೈಯಲ್ಲಿ ಹುಷಾರಿದ್ದೀರಾ ಸಾಹೇಬ್ರ ಎಂದು ಕೇಳಿದ. ಅವನ ಕಣ್ಣು ನನ್ನ ಬೆನ್ನಿನ ಕಡೆ ಹೋದುದನ್ನು ನಾನು ನೋಡಿದೆ.

ಆ ವಾರ ಸಿದ್ದಪ್ಪನಿಗೆ ಬೆನ್ನು ತೋರಿಸಿದೆ. ಹೊಸ ಕಲೆ ಬಿದ್ದಿತ್ತು! ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸೊಸೆ ಬನಹಟ್ಟಿಯಲ್ಲಿ, ಕಲೆ ಇಲ್ಲಿ. ಇನ್ನೇನು ಸಾಕ್ಷಿ ಬೇಕು? ಕಟ್ಟೆಯ ಹಿರಿಯರನ್ನೆಲ್ಲ ನಾನೇ ಕರೆದು ಅಂಗಿ ಎತ್ತಿ ತೋರಿಸಿದೆ. ಅವರು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಗಾದರೆ ಹೊಡೆಯುವವನು ಸಿದ್ದಪ್ಪನೇ ಎಂದರು. ನನ್ನ ಮಗನ ಮುಂದೆಯೇ.

ಅಷ್ಟಕ್ಕೂ ನಿಲ್ಲಲಿಲ್ಲ. ಎಳ್ಳಮಾವಾಸ್ಯೆಯ ಹಿಂದಿನ ದಿನ ಪರಸಪ್ಪ ಯಾವುದೋ ಊರಿನಿಂದ ಹೇಳಿಕೆ ಹೇಳುವವನೊಬ್ಬನನ್ನು ಕರೆಸಿದ. ನನ್ನ ಒಳ್ಳೆಯದಕ್ಕೆಂದೇ ಕರೆಸಿದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಮನುಷ್ಯ ಲಿಂಬೆಹಣ್ಣು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮನೆಯಿಂದ ಹೋದ ಹೆಣ್ಣು ಕುಳಿತಲ್ಲಿಂದಲೇ ಮಾಟ ಮಾಡಿದ್ದಾಳೆ, ರಾತ್ರಿ ಕಾಣದ ಕೈ ಬಂದು ಹೊಡೆಯುತ್ತದೆ ಎಂದ. ಜನ ಹೌದೌದು ಎಂದರು. ನೆಲದ ಮೇಲಿದ್ದ ಅವನ ಲಿಂಬೆಹಣ್ಣುಗಳನ್ನು ಕಾಲಿನಿಂದ ಸರಿಸಿ ಎದ್ದು ಬಂದೆ.

ಎಳ್ಳಮಾವಾಸ್ಯೆ ನಮ್ಮಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಉಣ್ಣುವ ದಿನ. ಓಣಿಯ ಎಲ್ಲಾ ಮನೆಗಳಲ್ಲಿ ನಸುಕಿನಿಂದಲೇ ಸಜ್ಜೆರೊಟ್ಟಿ, ಕಡುಬಿನ ವಾಸನೆ. ನಮ್ಮ ಒಲೆ ತಣ್ಣಗಿತ್ತು. ಸಿದ್ದಪ್ಪ ಪಾಳಿಯಿಂದ ಇನ್ನೂ ಬಂದಿರಲಿಲ್ಲ. ನಾನು ಎದ್ದು, ಸ್ನಾನ ಮಾಡದೆ, ಮೈಮೇಲಿನ ಬನಿಯನ್ ತೆಗೆದು ಪೆಟ್ಟಿಗೆಯಿಂದ ಬೇರೆ ಹಾಕಿಕೊಂಡು, ಗುಡಿಗೆ ಹೋದೆ. ಸ್ನಾನವಿಲ್ಲದೆ ಗುಡಿಗೆ ಹೋದದ್ದು ನನ್ನ ಜನ್ಮದಲ್ಲೇ ಮೊದಲು. ಬೇಕೆಂದೇ ಹೋದೆ. ಪೂಜಾರಿ ಇನ್ನೂ ಬಂದಿರಲಿಲ್ಲ. ಕಬ್ಬಿಣದ ಕಟಾಂಜನದ ಬಾಗಿಲಿನ ಮುಂದೆ ನಿಂತು ಗಟ್ಟಿಯಾಗಿಯೇ ಮಾತಾಡಿದೆ. ಭಕ್ತಾದಿಗಳು ಕ್ಷಮಿಸಬೇಕು. ಆಡಿದ್ದನ್ನು ಆಡಿದಂತೆಯೇ ಬರೆಯುತ್ತೇನೆ.

"ಏ ಬೀರಪ್ಪಾ, ನಾ ಇವತ್ತ ಬೇಡಾಕ ಬಂದಿಲ್ಲ, ಕೇಳಾಕ ಬಂದೇನಿ. ನೀರ ಬಂದಾಗ ನಿನ್ನ ಹೊತ್ತ ತಂದವರ ಯಾರೋ? ಮನಿ ತೊಲಿ ಬಿಟ್ಟ ಬಂದ್ವಿ, ನಿನ್ನ ಗುಂಡ ಬಿಡಲಿಲ್ಲ. ನನ್ನ ಬೆನ್ನ ಬೇಕಾದ್ರ ಮುರದ ಹಾಕು, ಯಾಕಂತ ಕೇಳೂದಿಲ್ಲ. ಆ ಹುಡಿಗಿ ನಿನಗೇನ ಮಾಡ್ಯಾಳ? ನಿನ್ನ ಅಂಗಳಾ ದಿನಾ ಕಸಾ ಹೊಡದಾಕಿ ಆಕಿ. ಆಕಿ ಹೆಸರ ಊರ ಬಾಯಾಗ ಬಿದ್ದ ಕೆಡಾಕತ್ತೈತಿ, ನೀ ಒಳಗ ತಣ್ಣಗ ಕುಂತೀದಿ. ನಾಚಿಕಿ ಬರೂದಿಲ್ಲ? ಖರೆ ಏನೈತಿ ತೋರಸು. ಇಲ್ಲಂದ್ರ ಇವತ್ತಿಗಿ ನಿನಗೂ ನನಗೂ ತೀರಿತು."

ಇದು ನನ್ನ ಪ್ರಾರ್ಥನೆ. ಇದಕ್ಕಿಂತ ಚೆಂದದ್ದು ನನಗೆ ಆ ದಿನ ಬರಲಿಲ್ಲ.

ಗುಂಡಿನ ಹತ್ತಿರ ಬಂದೆ. ಸಿಟ್ಟಿನಲ್ಲೂ ಕೈ ತನ್ನ ರೂಢಿ ಬಿಡಲಿಲ್ಲ, ಭಂಡಾರ ತೆಗೆದು ಗುಂಡಿಗೆ ಸವರಿತು. ಎತ್ತಿದೆ. ಮೊಣಕಾಲಿಗೆ ಬಂತು, ಎದೆಗೆ ಬಂತು, ಹೆಗಲಿಗೆ ಬಂತು. ಅಲ್ಲಿ ಕುಳಿತುಕೊಳ್ಳಬೇಕಾಗಿತ್ತು. ಕುಳಿತುಕೊಳ್ಳಲಿಲ್ಲ. ಹಿಂದೆ ಕೌದಿಯನ್ನೂ ಹಾಸಿರಲಿಲ್ಲ. ನಿಂತಲ್ಲಿಂದಲೇ, ಇದ್ದ ಸಿಟ್ಟನ್ನೆಲ್ಲ ಹೆಗಲಿಗೆ ತಂದು ಒಗೆದೆ. ಎದೆ ನೋವು ಬಂದು ಗುಳಿಗೆ ತಿನ್ನುವ ಮುದುಕನ ಹೆಗಲಿಗೆ ಅಷ್ಟು ಕಸುವು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ನನ್ನದಲ್ಲ ಎಂಬುದಷ್ಟೇ ಗೊತ್ತಿದೆ.

ಧಪ್ ಎಂದಿತು. ಅದರ ಹಿಂದೆಯೇ ಟೈಲ್ಸ್ ಸೀಳಿದ ಸದ್ದು.

ತಿರುಗಿ ನೋಡಲಿಲ್ಲ, ನಿಯಮ. ಮನೆಗೆ ನಡೆದೆ. ಬೆನ್ನ ಹಿಂದೆ ಪರಸಪ್ಪನ ಮನೆಯ ಬಾಗಿಲು ತೆರೆದುಕೊಂಡಿತು. ಅವನು ಎದ್ದುಬಿದ್ದು ಓಡಿ ಬಂದು, "ಕಾಕಾ, ಟೈಲ್ಸ್ ಒಡದ್ರೆಲ್ರೀ" ಎಂದು ಅಳುವ ದನಿಯಲ್ಲಿ ಕೂಗಿದ. ಒಡೆದಿದ್ದು ಬೀರಪ್ಪ, ಅವನನ್ನೇ ಕೇಳು ಎಂದು ಬಾಗಿಲು ಹಾಕಿಕೊಂಡೆ. ಆಗ ಸಿಟ್ಟಿಗೆ ಹೇಳಿದ ಮಾತು. ಅದು ಖರೆ ಎಂದು ತಿಳಿದದ್ದು ಆಮೇಲೆ.

ತಪ್ಪಿಸಿದ್ದ ಸ್ನಾನ ಮಾಡಲು ಬಚ್ಚಲಿಗೆ ಹೋಗಿ ಬನಿಯನ್ ತೆಗೆದೆ. ಎದೆಯ ಮೇಲೆ, ಹೆಗಲ ಮೇಲೆ ಭಂಡಾರದ ಹಳದಿ. ಬೆನ್ನಿನ ಭಾಗ ಒಗೆದಿಟ್ಟ ಹಾಗೆ ಬೆಳ್ಳಗಿತ್ತು.

ಮಾಯವ್ವ ದನಿ ಎತ್ತುತ್ತಿದ್ದುದು ಬನಿಯನ್ ಒಗೆಯುವಾಗ ಎಂದೆನಲ್ಲ. ಆಕೆಯ ತಕರಾರು ಇದೇ ಆಗಿತ್ತು. ಬೇಸಿಗೆಯಿಂದ ಬಚ್ಚಲಕಲ್ಲಿನ ಮೇಲೆ ನನ್ನ ಬನಿಯನ್ ತಿಕ್ಕುತ್ತ ನನಗೆ ಕೇಳುವಂತೆ ಅನ್ನುತ್ತಿದ್ದಳು: "ನಮ್ಮ ಮಾಂವಾರು ಹಿಂದ ಎದಿಗಿ ಅಷ್ಟ ಭಂಡಾರ ಹಚ್ಚಿಕೋತಿದ್ರ. ಈಗ ಬೆನ್ನಿಗೂ ಸುರು ಮಾಡ್ಯಾರ. ಒಳಗಿನ ದೇವರಿಗಿ ಏನರ ಉಳಸ್ಯಾರೋ ಇಲ್ಲೋ." ನಾನೂ ನಕ್ಕಿದ್ದೆ.

ನಸುಕಿನ ಚಳಿಯಲ್ಲಿ ಬರಿ ಮೈಯಲ್ಲಿ ನಿಂತೆ. ಹಿಂದಿನ ದಿನದ ಬನಿಯನ್ ಗೂಟಕ್ಕೆ ನೇತಾಡುತ್ತಿತ್ತು. ತೆಗೆದು ಹಿಂದುಮುಂದು ಮಾಡಿದೆ. ಕೊರಳಿನಿಂದ ಸೊಂಟದವರೆಗೆ, ನಡುಬೆನ್ನಿನ ಎರಡೂ ಮಗ್ಗುಲಿಗೆ, ಹಳದಿ ಪಟ್ಟೆ.

ಸಿದ್ದಪ್ಪ ಪಾಳಿ ಮುಗಿಸಿ ಬಂದ. ಊಟದ ಡಬ್ಬಿಯನ್ನೂ ಇಳಿಸಗೊಡದೆ ಬೆನ್ನು ತಿರುಗಿಸಿ ನಿಂತು, ಈ ಬನಿಯನ್ ನನ್ನ ಬೆನ್ನಿಗೆ ಹಿಡಿ ಎಂದೆ. ಹಿಡಿದ. ಒಂದು ಕಡೆ ಎತ್ತಿ ಒಳಗೆ ನೋಡಿದ, ಮತ್ತೆ ಹಾಕಿದ, ಇನ್ನೊಂದು ಕಡೆ ಎತ್ತಿ ನೋಡಿದ.

"ಎಪ್ಪಾ" ಎಂದ. "ಹಳದಿ ಎಲ್ಲೆಲ್ಲಿ ಐತಿ, ಕಲಿ ಅಲ್ಲಲ್ಲೇ ಅದಾವು."

ಆಮೇಲೆ ಕುಳಿತುಕೊಂಡು ಕೇಳಿದ: "ಅಂದ್ರ ಉಗಾದಿಯಿಂದ ದಿನಾ ಆ ಕಲ್ಲ ಬೆನ್ನಮ್ಯಾಲ ಉಳ್ಳಿಸಿಕೋತ ಬಂದೀಯಾ?"

ಅಷ್ಟೇ ಆಗಿತ್ತು. ಟೈಲ್ಸ್ ಒಡೆಯಬಾರದೆಂದು ನಾನು ಕುಕ್ಕರಗಾಲಿನಲ್ಲಿ ಕುಳಿತು ಇಳಿಸುವಾಗ ಗುಂಡು ನನ್ನ ಬೆನ್ನ ಮೇಲಿಂದ ಜಾರಿ ಕೌದಿಗೆ ಹೋಗುತ್ತಿತ್ತು. ಒಂದು ಕ್ಷಣದ ಕೆಲಸ, ಆ ಹೊತ್ತಿಗೆ ನೋವೂ ಆಗುತ್ತಿರಲಿಲ್ಲ. ತೆಳುವಾದ ರಕ್ತ ಚರ್ಮದೊಳಗೆ ಸೋರಿ ಮರುದಿನ ಬಾಸುಂಡೆಯಾಗಿ ಏಳುತ್ತಿತ್ತು. ಡಾಕ್ಟರು ಹೇಗೆ ಎತ್ತುತ್ತೀರಿ ಎಂದು ಕೇಳಿದಾಗ ನಾನು ಎದ್ದು ನಿಂತು ತೋರಿಸಿದ್ದು ನಮ್ಮಪ್ಪ, ನಮ್ಮಜ್ಜ ಎತ್ತಿದ ಬಗೆ. ಗುಂಡು ಎತ್ತುವುದು ಎಂದರೆ ಅದೇ ಎಂದು ನನ್ನ ತಲೆಯಲ್ಲಿ ಕುಳಿತಿತ್ತು. ಇಳಿಸುವ ಬಗೆ ಬದಲಾದದ್ದು ಕಮಿಟಿಯ ನಿಯಮ, ಸೇವೆಯ ಭಾಗವಲ್ಲ. ಅದನ್ನು ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ.

ಬೀರಪ್ಪ ಮಾತ್ರ ಹೇಳುತ್ತಲೇ ಇದ್ದ. ತನ್ನ ಭಂಡಾರದಿಂದ ನನ್ನ ಬೆನ್ನ ಮೇಲೆ ದಿನಾ ಬರೆದು ಕಳಿಸುತ್ತಿದ್ದ, ಮನೆಗೆ ಬಂದು ಅದನ್ನು ಒಗೆಯಲು ಹಾಕುತ್ತಿದ್ದೆವು. ನಾನು ಬೈದ ದಿನ ಬೆನ್ನೆಂಬ ಆ ಹಲಗೆಯನ್ನು ಖಾಲಿ ಮಾಡಿ ತೋರಿಸಿದ. ನೀವು ಇದನ್ನು ಸಿಟ್ಟಿನಲ್ಲಿ ಆದ ಆಕಸ್ಮಿಕ ಎನ್ನಬಹುದು. ಹಾಗೆ ಎನ್ನುವವರು ಆ ಟೈಲ್ಸ್ ಎಲ್ಲಿ ಒಡೆದಿವೆ ಎಂದು ಒಮ್ಮೆ ಬಂದು ನೋಡಬೇಕು. ಹಳೆಯ ಊರಿನಿಂದ ತಂದು ಗುಂಡು ಇಳಿಸಿದ ಮೊದಲ ದಿನ ಅದು ಬೀಳುವ ಜಾಗಕ್ಕೆ ನಾವು ಮಣ್ಣಿನಲ್ಲಿ ಒಂದು ಗುರುತು ಮಾಡಿದ್ದೆವು, ಸರಿಯಾಗಿ ಅದರ ಮೇಲೆ.

ಅಂದು ಹೊಲಕ್ಕೆ ಹೋಗಲಿಲ್ಲ. ಬನಿಯನ್ ಚೀಲದಲ್ಲಿ ಹಾಕಿಕೊಂಡು ಮಹಾಲಿಂಗಪುರದ ಬಸ್ ಹತ್ತಿದೆ. ಸುವರ್ಣಾಳಿಗೆ ಬನಿಯನ್ ತೋರಿಸಿ, ಬೆನ್ನು ತೋರಿಸಿದೆ. ಆಕೆ ಅಳಲು ಸುರು ಮಾಡಿದಳು. ಅಳುವುದು ಬಸ್ಸಿನಲ್ಲಿ ಆಗಲಿ, ಚಪ್ಪಲಿ ಮೆಟ್ಟು ಎಂದೆ. ಬನಹಟ್ಟಿಯವರೆಗೂ ಅತ್ತಳು.

ಮಗ್ಗದ ಮನೆಯ ಮುಂದೆ ನಿಂತು ಈ ಸಲ ನಾನೇ ಆಕೆಯ ಅಣ್ಣನಿಗೆ ಸ್ವಿಚ್ ಆರಿಸು ಎಂದೆ. ಓಣಿ ಕೇಳಲಿ ಎಂದೇ ಹಾಗೆ ಮಾಡಿಸಿದೆ. ನಡೆದದ್ದನ್ನೆಲ್ಲ ಹೇಳಿದೆ. ಸುವರ್ಣಾ ಹೊಸ್ತಿಲಲ್ಲೇ ನಿಂತು, "ವೈನೀ, ನನ್ನ ನಾಲಿಗಿ ತಪ್ಪಿತರೀ" ಎಂದಳು. ಮಾಯವ್ವ ಆಕೆಯನ್ನು ನೋಡಲಿಲ್ಲ. ಬನಿಯನ್ ಬಿಚ್ಚಿ, ಪಟ್ಟೆಯ ಮೇಲೆ ಅಂಗೈ ಆಡಿಸಿದಳು.

"ಇದನ್ನ ತಿಕ್ಕಿ ತಿಕ್ಕಿ ನನ್ನ ರೆಟ್ಟಿ ಬಿದ್ದಾವು" ಎಂದಳು. "ಟೈಲ್ಸ್ ತಗಸ್ತಾರೇನ್ರಿ, ಮೊದಲ ಅದನ್ನ ಹೇಳ್ರಿ."

ತೆಗೆಸುತ್ತಾರೆ ಎಂದೆ. ಇನ್ನೂ ಯಾರನ್ನೂ ಕೇಳಿರಲಿಲ್ಲ. ಆದರೂ ಹಾಗೆ ಹೇಳುವ ಧೈರ್ಯ ಬಂದಿತ್ತು. ಆಕೆ ಮಕ್ಕಳ ಬಟ್ಟೆ ಕಟ್ಟಿದಳು. ಜಮಖಂಡಿಯಲ್ಲಿ ಬಸ್ಸು ಕಾಯುವಾಗ ಸುವರ್ಣಾ ಚುರುಮುರಿ ತಂದು ಮೊದಲ ಪೊಟ್ಟಣ ಆಕೆಗೆ ಕೊಟ್ಟಳು. ಮಾಯವ್ವ ತೆಗೆದುಕೊಂಡಳು. ಮಾತು ಸುರುವಾಗಲು ಇನ್ನೂ ಎರಡು ಹಬ್ಬ ಬೇಕಾದವು.

ಪರಸಪ್ಪ, ದಾನಿಗಳು ಸಿಟ್ಟಾಗುತ್ತಾರೆ ಎಂದ. ಬೀರಪ್ಪ ಮೊದಲೇ ಸಿಟ್ಟಾಗಿದ್ದಾನೆ, ಇಬ್ಬರಲ್ಲಿ ಯಾರನ್ನು ಸಮಾಧಾನ ಮಾಡುತ್ತೀ ನೋಡು ಎಂದೆ. ಗುಂಡು ಬೀಳುವಷ್ಟು ಜಾಗದ ಟೈಲ್ಸ್ ಕಿತ್ತು, ನದಿಯ ಉಸುಕು ತಂದು ತುಂಬಿದರು. ಡಾಕ್ಟರು ಬನಿಯನ್ ನೋಡಿ ಮೊದಲು ನಕ್ಕರು, ಆಮೇಲೆ ನನ್ನನ್ನು ಚೆನ್ನಾಗಿ ಬೈದರು. ಈ ಗುಳಿಗೆ ತಿನ್ನುತ್ತ ಇಷ್ಟು ಭಾರ ಎತ್ತುವುದೇ ತಪ್ಪು ಎಂದರು. ವಾದವಾಗಿ, ಕೊನೆಗೆ ಗುಡಿಯಲ್ಲಿ ಹುಡುಗರು ಎತ್ತಲೆಂದು ಇಟ್ಟ ಸಣ್ಣ ಗುಂಡಿಗೆ ಒಪ್ಪಿದರು. ದೊಡ್ಡದನ್ನು ಈಗ ಸಿದ್ದಪ್ಪ ಎತ್ತುತ್ತಾನೆ, ಪಾಳಿ ಇಲ್ಲದ ದಿನ. ಉಳಿದ ದಿನ ನನ್ನ ಸಣ್ಣದೇ ಸೇವೆ. ನನ್ನ ಬೆನ್ನು ತಿಂಗಳೊಳಗೆ ತಿಳಿಯಾಯಿತು ಎಂದು ಮೊಮ್ಮಕ್ಕಳು ನೋಡಿ ಹೇಳಿದರು.

ಅಂದು ಚಹಾ ಕುಡಿದು ಅಂಗಿ ಎತ್ತಿ ನೋಡಿದ ಹಿರಿಯರಲ್ಲಿ ಒಬ್ಬನೂ ಮಾಯವ್ವನಿಗೆ ತಪ್ಪಾಯಿತು ಎಂದಿಲ್ಲ. ನಮಗೆ ಮೊದಲೇ ಗೊತ್ತಿತ್ತು, ಕಲ್ಲಿನದೇ ಇರಬೇಕು ಅಂದಿದ್ದೆವು ಎನ್ನುತ್ತಾರೆ. ಈಗಲೂ ಕಟ್ಟೆಗೆ ಬರುತ್ತಾರೆ. ಆಕೆ ಚಹಾ ಕೊಡುತ್ತಾಳೆ. ನಾನಾಗಿದ್ದರೆ ಕೊಡುತ್ತಿರಲಿಲ್ಲ. ಅವರಿಗಾಗಿಯೇ ಇದನ್ನು ಬರೆದಿದ್ದೇನೆ, ನಿಮ್ಮ ಮುಂದೆ, ಬೀರಪ್ಪನ ಮುಂದೆ.

ದೇವರನ್ನು ಬೈದದ್ದಕ್ಕೆ ಪ್ರಾಯಶ್ಚಿತ್ತ ಮಾಡಿಸಿರಿ ಎಂದು ಪೂಜಾರಿ ಹೇಳಿದ. ನಾನು ಒಪ್ಪಲಿಲ್ಲ. ಬೈಸಿಕೊಂಡವನಿಗೆ ಸಿಟ್ಟಿದ್ದರೆ ಉತ್ತರ ಕೊಡುತ್ತಿರಲಿಲ್ಲ. ನಲವತ್ತು ವರ್ಷ ಮೆತ್ತಗೆ ಬೇಡಿಕೊಂಡಾಗಲೂ ಅವನು ನನ್ನ ಹತ್ತಿರವೇ ಇದ್ದನೆಂದು ನಂಬಿದ್ದೆ. ಈಗ ನಂಬಿಕೆಯ ಮಾತಿಲ್ಲ, ಎದುರು ಮನೆಯಲ್ಲಿ ಇರುವವನು ಎಂದು ಗೊತ್ತು. ಅವನ ಪಾದಕ್ಕೆ ನನ್ನ ಶರಣು.

ನಸುಕಿಗೆ ಮಾಯವ್ವ ಅಡುಗೆಮನೆಯಲ್ಲಿ ಎದ್ದು ಕುಳಿತಿರುತ್ತಾಳೆ. ಆತೇನ್ರಿ ಎಂದು ಈಗ ಯಾರೂ ಕೇಳುವುದಿಲ್ಲ. ಗುಂಡು ಧಪ್ ಎಂದು ಉಸುಕಿಗೆ ಬೀಳುತ್ತದೆ. ನಾನು ತಿರುಗಿ ನೋಡದೆ ರಸ್ತೆ ದಾಟಿ ಬರುವುದರೊಳಗೆ ಚಹಾ ಕುದಿಯುತ್ತಿರುತ್ತದೆ.